ಮನೇಲೇ ಒಳ್ಳೆ ಎಸ್ಪ್ರೆಸೊ, ಒಳ್ಳೆ ಕಾಫಿ: ಪದೇ ಪದೇ ಕೇಳೋ ಪ್ರಶ್ನೆಗಳು

ನನಗೆ ಕಾಫಿ ಹುಚ್ಚು ಹತ್ತಿದೆ ಅಂತ ಗೊತ್ತಾದಾಗಿಂದ ಪರಿಚಯದೋರೆಲ್ಲ ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನ. ಹೊಸ ಮೆಷೀನ್ ತಗೊಂಡೋರು ಮೊದಲನೇ ವಾರ ಫೋಟೊ ಕಳಿಸ್ತಾರೆ, ಎರಡನೇ ವಾರ "ಯಾಕೋ ಹುಳಿ ಬರ್ತಿದೆ" ಅಂತಾರೆ, ಮೂರನೇ ವಾರದ ಹೊತ್ತಿಗೆ ಮೆಷೀನೇ ಸರಿ ಇಲ್ಲ ಅಂತ ತೀರ್ಮಾನ ಮಾಡಿರ್ತಾರೆ. ನಗ್ತಾ ಇಲ್ಲ, ನಾನೂ ಎರಡು ತಿಂಗಳು ಇದನ್ನೇ ಮಾಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ತಪ್ಪಿದ್ದಿದ್ದು ಹಳಸಲು ಬೀಜದಲ್ಲಿ ಮತ್ತೆ ಬ್ಲೇಡ್ ಗ್ರೈಂಡರ್‌ನಲ್ಲಿ. ಕೇಳಿದೋರ ಮಾತಲ್ಲೇ ಪ್ರಶ್ನೆಗಳನ್ನ ಇಟ್ಟಿದೀನಿ, ಸುಲಭದ್ದು ಮೊದಲು.

## ಈಗಷ್ಟೇ ಶುರು ಮಾಡೋರಿಗೆ

ಎಸ್ಪ್ರೆಸೊ ಅಂದ್ರೆ ಸ್ಟ್ರಾಂಗ್ ಕಾಫಿ, ಅಷ್ಟೇ ತಾನೆ?

ಗಟ್ಟಿ ಇರುತ್ತೆ ನಿಜ, ಆದ್ರೆ ಎಸ್ಪ್ರೆಸೊ ಅನ್ನೋದು ಕಾಫಿ ಇಳಿಸೋ ಒಂದು ವಿಧಾನದ ಹೆಸರು. ನುಣ್ಣಗೆ ಪುಡಿ ಮಾಡಿ, ಅಮುಕಿ, ಬಿಲ್ಲೆ ತರ ಮಾಡಿದ ಕಾಫಿ ಒಳಗೆ ಸುಮಾರು 9 ಬಾರ್ (ಒತ್ತಡದ ಅಳತೆ, ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಒತ್ತಡದಲ್ಲಿ ಬಿಸಿನೀರು ನುಗ್ಗಿಸಿ ಅರ್ಧ ನಿಮಿಷದೊಳಗೆ ರಸ ಇಳಿಸೋದು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ತಗೊಂಡ ಮೆಷೀನು ಬರೀ ಹಬೆ ಒತ್ತಡದ್ದು, ಒಂದೆರಡು ಬಾರ್ ಅಷ್ಟೇ, ಅದರಲ್ಲಿ ಈಗ ನಾವು ನೋಡೋ ಹೊಂಬಣ್ಣದ ನೊರೆ ಬರ್ತಾನೇ ಇರಲಿಲ್ಲ. 1940ರ ದಶಕದ ಕೊನೆಗೆ ಅಕಿಲೆ ಗಾಜಿಯಾ ಸ್ಪ್ರಿಂಗ್ ಲಿವರ್ ತಂದ ಮೇಲೆ ಒತ್ತಡ ಏರ್ತು, ನೊರೆ ಬಂತು, ಅದಕ್ಕೆ ಕ್ರೆಮಾ ಅಂತ ಹೆಸರು ಬಿತ್ತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಮೆಷೀನು ತೋಳ್ಬಲದ ಬದಲು ಮೋಟರ್ ಪಂಪ್ ಇಟ್ಟಿತು. ಇನ್ನು ಕೆಫೀನ್ ಕೇಳ್ತೀರಾ, ಒಂದು ಗುಟುಕಿಗೆ ಲೆಕ್ಕ ಹಾಕಿದ್ರೆ ಎಸ್ಪ್ರೆಸೊದಲ್ಲೇ ಜಾಸ್ತಿ, ಆದ್ರೆ ದೊಡ್ಡ ಮಗ್ ತುಂಬ ಫಿಲ್ಟರ್ ಪೇಪರ್ ಕಾಫಿ ಕುಡಿಯೋರು ಒಂದು ಸಿಂಗಲ್ ಶಾಟ್ (ಒಂದು ಸಲಕ್ಕೆ ಇಳಿಸೋ ಒಂದು ಪುಟ್ಟ ಕಪ್ ಎಸ್ಪ್ರೆಸೊ) ಕುಡಿಯೋರಿಗಿಂತ ಸಾಮಾನ್ಯವಾಗಿ ಹೆಚ್ಚೇ ಕೆಫೀನ್ ತಗೊಳ್ತಾರೆ.

ಎಸ್ಪ್ರೆಸೊ ಬೀನ್ಸ್ ಅಂತಾನೇ ಬೇರೆ ಬರುತ್ತಾ?

ಇಲ್ಲ. ಪ್ಯಾಕೆಟ್ ಮೇಲೆ ಹಾಗೆ ಬರೆದಿದ್ರೆ "ಎಸ್ಪ್ರೆಸೊಗೆ ಹೊಂದಲಿ ಅಂತ ಸ್ವಲ್ಪ ಜಾಸ್ತಿ ಹುರಿದಿದೀವಿ" ಅಂತ ಓದ್ಕೊಳ್ಳಿ. ಕಲಿಯೋ ಹಂತದಲ್ಲಿ ಮೀಡಿಯಂ ಅಥವಾ ಅದಕ್ಕಿಂತ ಒಂಚೂರು ಗಾಢ ರೋಸ್ಟ್ ತಗೊಳ್ಳಿ, ತಪ್ಪುಗಳನ್ನ ಕ್ಷಮಿಸುತ್ತೆ. ಕೆಲವು ಬ್ಲೆಂಡ್‌ನಲ್ಲಿ ರೊಬಸ್ಟಾ ಸೇರಿಸಿರ್ತಾರೆ, ಅದರಿಂದ ಕ್ರೆಮಾ ದಪ್ಪ ಬರುತ್ತೆ, ಕಹಿನೂ ಏರುತ್ತೆ, ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ಅದು ಕಳಪೆ ಅಂತಲ್ಲ, ಹಾಲಿಗೆ ಹಾಕಿ ಕುಡಿಯೋರಿಗೆ ಅದೇ ಇಷ್ಟ ಆಗಬಹುದು.

ದುಡ್ಡು ಮೆಷೀನ್‌ಗೆ ಹಾಕ್ಲಾ, ಗ್ರೈಂಡರ್‌ಗೆ ಹಾಕ್ಲಾ?

ಗ್ರೈಂಡರ್‌ಗೆ. ಇದನ್ನ ಹೇಳಿದಾಗ ಯಾರೂ ನಂಬಲ್ಲ, ಆರು ತಿಂಗಳಾದ್ಮೇಲೆ ವಾಪಸ್ ಬಂದು ಒಪ್ಕೊಳ್ತಾರೆ. ಮೆಷೀನ್ ಮಾಡೋ ಕೆಲಸ ಬಿಸಿನೀರನ್ನ ಒತ್ತಡದಲ್ಲಿ ತಳ್ಳೋದು, ಸಾಧಾರಣ ಮೆಷೀನೂ ಅದನ್ನ ಮಾಡುತ್ತೆ. ಆ ನೀರು ಎಷ್ಟು ನಿಧಾನಕ್ಕೆ, ಎಷ್ಟು ಸಮವಾಗಿ ಹೋಗಬೇಕು ಅಂತ ನಿರ್ಧಾರ ಮಾಡೋದು ಪುಡಿ. ಬ್ಲೇಡ್ ಇರೋ ಗ್ರೈಂಡರು ಬೀಜನ ಕತ್ತರಿಸಿ ಎರಚಾಡುತ್ತೆ, ಒಂದಷ್ಟು ಧೂಳು ಒಂದಷ್ಟು ಚೂರು, ಧೂಳಿಂದ ಕಹಿ ಬರುತ್ತೆ ಚೂರಿಂದ ಹುಳಿ ಬರುತ್ತೆ, ಎರಡೂ ಒಂದೇ ಕಪ್ಪಲ್ಲಿ. ಬರ್ ಗ್ರೈಂಡರ್‌ನಲ್ಲಿ ಎರಡು ಹಲ್ಲಿನ ಚಕ್ರಗಳ ನಡುವಿನ ಸಂದು ಎಷ್ಟಿದೆಯೋ ಪುಡಿ ಹೆಚ್ಚುಕಮ್ಮಿ ಅಷ್ಟೇ ದಪ್ಪ ಬೀಳುತ್ತೆ. ಬಜೆಟ್ ಕಮ್ಮಿ ಅಂದ್ರೆ ಕೈಯಲ್ಲಿ ತಿರುಗಿಸೋ ಬರ್ ಗ್ರೈಂಡರ್ ತಗೊಳ್ಳಿ, ಅದೇ ಬೆಲೆಯ ಕರೆಂಟ್ ಗ್ರೈಂಡರ್‌ಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತೆ, ಬೆಳಿಗ್ಗೆ ಕೈಗೊಂದು ವ್ಯಾಯಾಮನೂ ಆಯ್ತು. ಒಂದು ವಿಷಯ ನೋಡ್ಕೊಳ್ಳಿ, ಎಸ್ಪ್ರೆಸೊ ಮಟ್ಟದಲ್ಲಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಕ್ಕೆ ಬರಬೇಕು, ಒಂದು ಕ್ಲಿಕ್ಕಿಗೆ ಹತ್ತು ಸೆಕೆಂಡು ವ್ಯತ್ಯಾಸ ಆಗೋ ಗ್ರೈಂಡರ್ ಇಟ್ಕೊಂಡು ಶಾಟ್ ಕೂರಿಸಕ್ಕಾಗಲ್ಲ, ಅಂದ್ರೆ ರುಚಿ ಹದಕ್ಕೆ ತರಕ್ಕಾಗಲ್ಲ. ದೊಡ್ಡ ಮೆಷೀನು ತಂದು ಪಕ್ಕದಲ್ಲಿ ಬ್ಲೇಡ್ ಇಟ್ಕೊಳ್ಳೋದು ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಕಥೆ.

ಅಂಗಡೀಲೇ ಪುಡಿ ಮಾಡಿಸ್ಕೊಂಡು ಬಂದ್ರೆ ಆಗಲ್ವಾ?

ಪೇಪರ್ ಫಿಲ್ಟರ್‌ಗೋ ಫ್ರೆಂಚ್ ಪ್ರೆಸ್‌ಗೋ ಆದ್ರೆ ಹೇಗೋ ನಡೆಯುತ್ತೆ, ಘಮ ಕಮ್ಮಿ ಆಗುತ್ತೆ ಅಷ್ಟೇ. ಎಸ್ಪ್ರೆಸೊಗೆ ನಡೆಯಲ್ಲ. ಇವತ್ತು ಸರಿ ಇಳಿದ ಪುಡಿ ನಾಲ್ಕು ದಿನಕ್ಕೆ ಬೇಗ ಇಳಿಯಕ್ಕೆ ಶುರು ಮಾಡುತ್ತೆ, ಆಗ ಇನ್ನೊಂಚೂರು ನುಣ್ಣಗೆ ಮಾಡೋ ದಾರಿನೇ ನಿಮ್ಮ ಕೈಯಲ್ಲಿಲ್ಲ. ಅಂಥೋರಿಗಾಗೇ ಪ್ರೆಶರೈಸ್ಡ್ ಬಾಸ್ಕೆಟ್ ಅಂತ ಇದೆ (ಬಾಸ್ಕೆಟ್ ಅಂದ್ರೆ ಮೆಷೀನ್‌ನಲ್ಲಿ ಪುಡಿ ತುಂಬೋ ತೂತಿನ ಬಟ್ಟಲು), ಕೆಳಗೆ ಒಂದೇ ಒಂದು ಸಣ್ಣ ತೂತು ಇರುತ್ತೆ, ಪುಡಿ ಹೇಗಿದ್ರೂ ಒತ್ತಡ ಅಲ್ಲಿ ಹುಟ್ಟುತ್ತೆ, ನೊರೆನೂ ಬರುತ್ತೆ. ನೊರೆ ನೋಡಿ ಮೋಸ ಹೋಗ್ಬೇಡಿ ಅಷ್ಟೇ, ರುಚಿಯಲ್ಲಿ ಆ ಆಳ ಇರಲ್ಲ.

ತೂಕದ ಸ್ಕೇಲ್ ನಿಜವಾಗ್ಲೂ ಬೇಕಾ? ಚಮಚ ಸಾಕಲ್ವಾ?

ಬೇಕು. ಗಾಢ ರೋಸ್ಟ್ ಬೀಜ ಉಬ್ಬಿ ಹಗುರ ಆಗಿರುತ್ತೆ, ಲೈಟ್ ರೋಸ್ಟ್ ಭಾರ, ಹಾಗಾಗಿ ಅದೇ ಚಮಚದಲ್ಲಿ ತೂಕ ಬೇರೆ ಬೇರೆ. 0.1 ಗ್ರಾಂ ತೋರಿಸೋ ಚಿಕ್ಕ ಡಿಜಿಟಲ್ ಸ್ಕೇಲ್ ಸಾಕು. ಕಪ್ಪಿಗೆ ಇಳಿದ ಕಾಫಿನೂ ತೂಕದಲ್ಲೇ ಅಳೀರಿ, ಎಮ್ಮೆಲ್ ನೋಡಿದ್ರೆ ಕ್ರೆಮಾ ಲೆಕ್ಕ ಕೆಡಿಸುತ್ತೆ.

## ಎಸ್ಪ್ರೆಸೊ ಮೆಷೀನ್ ಇಲ್ಲದೋರಿಗೆ

ಮೋಕಾ ಪಾಟ್‌ನಲ್ಲಿ ಬರೋದೂ ಎಸ್ಪ್ರೆಸೊನೇ ಅಲ್ವಾ? ನಂದು ಯಾಕೆ ಸುಟ್ಟ ವಾಸನೆ ಬರುತ್ತೆ?

ಮೋಕಾ ಪಾಟ್ ಅಂದ್ರೆ ಒಲೆ ಮೇಲಿಟ್ಟು ಕೆಳಗಿನ ನೀರನ್ನ ಹಬೆ ಒತ್ತಡದಲ್ಲಿ ಪುಡಿ ಮೂಲಕ ಮೇಲಕ್ಕೆ ತಳ್ಳೋ ಪಾತ್ರೆ. ಅದರಲ್ಲಿ ಬರೋದು ಎಸ್ಪ್ರೆಸೊ ಅಲ್ಲ, ಒತ್ತಡ ಒಂದೆರಡು ಬಾರ್ ಅಷ್ಟೇ. ಆದ್ರೆ 1933ರಿಂದ ಜನ ಇದನ್ನ ಬಳಸ್ತಾ ಇದಾರೆ ಅಂದ್ರೆ ಸುಮ್ನೆ ಅಲ್ಲ, ಹಾಲಿಗೆ ಹಾಕಕ್ಕೆ ಗಟ್ಟಿ ಕಾಫಿ ಬೇಕು ಅನ್ನೋರಿಗೆ ಇದಕ್ಕಿಂತ ಸರಳ ಸಾಧನ ಇಲ್ಲ. ಸುಟ್ಟ ವಾಸನೆಗೆ ಕಾರಣ ಉರಿ. ಕೆಳಗಿನ ಪಾತ್ರೆಗೆ ಮೊದಲೇ ಕಾಯಿಸಿದ ನೀರು ಹಾಕಿ, ಸೇಫ್ಟಿ ವಾಲ್ವ್‌ಗಿಂತ ಕೆಳಗೇ ನಿಲ್ಲಿಸಿ, ಪುಡಿ ಎಸ್ಪ್ರೆಸೊಗಿಂತ ಸ್ವಲ್ಪ ತರಿ ಇರಲಿ, ಬಟ್ಟಲು ತುಂಬಿ ಮಟ್ಟ ಮಾಡಿ, ಅಮುಕಬೇಡಿ. ಬಟ್ಟೆ ಹಿಡ್ಕೊಂಡು ಬಿಗಿ ಮಾಡಿ, ನೀರು ಬಿಸಿ ಇದೆ, ಮರೀಬೇಡಿ. ಸಣ್ಣ ಉರಿ, ಮುಚ್ಚಳ ತೆಗೆದಿಟ್ಟು ನೋಡ್ತಾ ಇರಿ. ಜೇನು ಬಣ್ಣಕ್ಕೆ ತಿರುಗಿ ಗೊರಗೊರ ಅನ್ನಕ್ಕೆ ಶುರು ಮಾಡೋ ಮುಂಚೆನೇ ಇಳಿಸಿ, ತಳನ ತಣ್ಣೀರಿಗೆ ಹಿಡೀರಿ. ಆ ಗೊರಗೊರದಲ್ಲಿ ಬರೋದು ಹಬೆ, ಕಹಿ ಎಲ್ಲ ಹೊತ್ಕೊಂಡು ಬರೋದೂ ಅದೇ.

ಪೋರ್ ಓವರ್‌ಗೆ ಎಷ್ಟು ಪುಡಿ ಎಷ್ಟು ನೀರು?

ಪೇಪರ್ ಫಿಲ್ಟರ್‌ಗೆ ಪುಡಿ ಹಾಕಿ ಮೇಲಿಂದ ಬಿಸಿನೀರು ಸುರಿಯೋ ಈ ವಿಧಾನಕ್ಕೆ 15 ಗ್ರಾಂ ಪುಡಿಗೆ 240 ಗ್ರಾಂ ನೀರು, ಅಂದ್ರೆ ಒಂದಕ್ಕೆ ಹದಿನಾರು. ಕುದಿದು ಇಳಿಸಿದ ನೀರೇ ಹಾಕಿ, ಲೈಟ್ ರೋಸ್ಟಿಗಂತೂ ಬಿಸಿ ಜಾಸ್ತಿ ಇದ್ದಷ್ಟೂ ಒಳ್ಳೇದು. ಪೇಪರ್‌ನ ಮೊದಲು ಬಿಸಿನೀರಲ್ಲಿ ತೊಳೀರಿ, ಇಲ್ದಿದ್ರೆ ರಟ್ಟಿನ ರುಚಿ. ಆಮೇಲೆ 40 ಗ್ರಾಂ ನೀರು ಹಾಕಿ 40 ಸೆಕೆಂಡ್ ಬಿಡಿ, ಪುಡಿ ಉಬ್ಬಿ ಗಾಳಿ ಬಿಡುತ್ತೆ, ಅದೇ ಬ್ಲೂಮ್. ಉಳಿದಿದ್ದನ್ನ ಎರಡು ಮೂರು ಸಲ ಸುತ್ತ ಹಾಕ್ತಾ ಹೋಗಿ, ಒಟ್ಟು ಮೂರು ನಿಮಿಷದ ಆಸುಪಾಸು ಮುಗೀಬೇಕು. ಅಂದಹಾಗೆ ಪೇಪರ್ ಫಿಲ್ಟರ್ ಬಂದಿದ್ದು 1908ರಲ್ಲಿ ಮೆಲಿಟಾ ಬೆಂಟ್ಜ್ ಅನ್ನೋ ಜರ್ಮನ್ ಗೃಹಿಣಿಯಿಂದ, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹರಿದು ತೂತು ಮಾಡಿದ ಪಾತ್ರೆ ಮೇಲಿಟ್ಟು ಪ್ರಯೋಗ ಮಾಡಿದ್ರಂತೆ. ಚರಟ ಬಾಯಿಗೆ ಸಿಗೋದು ಅವರಿಗೂ ಬೇಜಾರು ಬಂದಿತ್ತು ಅಂತ ಕಾಣುತ್ತೆ.

ಫ್ರೆಂಚ್ ಪ್ರೆಸ್‌ನಲ್ಲಿ ಕೊನೇ ಗುಟುಕು ಬರೀ ಮಡ್ಡಿ. ಏನು ಮಾಡೋದು?

ಕಾಯೋದು. ಪುಡಿ ತರಿತರಿಯಾಗಿರಲಿ, 4 ನಿಮಿಷ ಆದ್ಮೇಲೆ ಮೇಲಿನ ಪದರನ ಚಮಚದಲ್ಲಿ ಮೆಲ್ಲಗೆ ಮುರೀರಿ, ತೇಲೋ ನೊರೆ ತೆಗೆದು ಹಾಕಿ, ಇನ್ನೊಂದು 5 ನಿಮಿಷ ಸುಮ್ನೆ ಬಿಡಿ. ಮಡ್ಡಿ ತಾನಾಗೇ ತಳಕ್ಕೆ ಕೂರುತ್ತೆ. ಪ್ಲಂಜರ್‌ನ (ಜಾಲರಿ ಇರೋ ಒತ್ತುಕಡ್ಡಿ) ತಳದವರೆಗೆ ಒತ್ತಬೇಡಿ, ಕಾಫಿ ಮೇಲ್ಭಾಗದವರೆಗೆ ಇಳಿಸಿ ಜಾಲರಿ ತರ ಬಳಸಿ ಬಗ್ಗಿಸಿ. ಅಷ್ಟು ಹೊತ್ತಿಗೆ ಆರಲ್ವಾ ಅಂತೀರಾ, ಕುಡಿಯೋ ಬಿಸಿ ಇರುತ್ತೆ.

## ಶಾಟ್ ಕೂರಿಸೋದು

ಒಂದು ಲೆಕ್ಕ ಹೇಳಿ, ಅದನ್ನೇ ಮಾಡ್ತೀನಿ.

18 ಗ್ರಾಂ ಪುಡಿ ಒಳಗೆ, 36 ಗ್ರಾಂ ಕಾಫಿ ಹೊರಗೆ, 25ರಿಂದ 30 ಸೆಕೆಂಡು. ಪಂಪ್ ಆನ್ ಆದ ಕ್ಷಣದಿಂದ ಎಣಿಸಿ. ನಿಮ್ಮ ಬಾಸ್ಕೆಟ್ ಚಿಕ್ಕದಾದ್ರೆ 14 ಗ್ರಾಂಗೆ 28, ಒಟ್ನಲ್ಲಿ ಒಂದಕ್ಕೆ ಎರಡು. ಇಟಲಿಯ ಸಾಂಪ್ರದಾಯಿಕ ಲೆಕ್ಕ ಸಿಂಗಲ್ ಶಾಟಿಗೆ 7 ಗ್ರಾಂ ಪುಡಿ, 25 ಎಮ್ಮೆಲ್, 25 ಸೆಕೆಂಡು, ಅದೂ ತಪ್ಪಲ್ಲ, ಆದ್ರೆ ಸಿಂಗಲ್ ಬಾಸ್ಕೆಟ್ ಅನ್ನೋದು ಹೊಸಬರಿಗೆ ತಲೆನೋವು, ಡಬಲ್‌ನಲ್ಲೇ ಕಲೀರಿ. ಸೆಕೆಂಡು ಗುರಿ ಅಲ್ಲ, ಸುಳಿವು. 34 ಸೆಕೆಂಡಲ್ಲಿ ಇಳಿದಿದ್ದು ರುಚಿ ಇದ್ರೆ ಅದೇ ನಿಮ್ಮ ಶಾಟ್.

ಹುಳಿ ಬರ್ತಿದೆ. ಮೆಷೀನ್ ಹಾಳಾಗಿದೆಯಾ?

ನೂರಕ್ಕೆ ತೊಂಬತ್ತು ಸಲ ಮೆಷೀನ್ ಚೆನ್ನಾಗೇ ಇರುತ್ತೆ. ನೀರು ಕಾಫಿಯಿಂದ ಮೊದಲು ಎಳ್ಕೊಳ್ಳೋದು ಹುಳಿನ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತೆ ಒಗರು. ಹುಳಿ ಅಂದ್ರೆ ನೀರು ಬೇಗ ಓಡಿಹೋಗಿದೆ, ಪೂರ್ತಿ ಎಳೆದಿಲ್ಲ. ಹಾಗಾಗಿ ಪುಡಿ ನುಣ್ಣಗೆ ಮಾಡಿ. ಕಹಿ, ಒಗರು, ನಾಲಿಗೆ ಒಣಗಿದ ಹಾಗಾಗೋದು ಇದರ ಉಲ್ಟಾ, ಆಗ ತರಿ ಮಾಡಿ. ಪುಡಿ ಸಮಯ ಎಲ್ಲ ಸರಿ ಇದ್ದೂ ಹುಳಿ ಅಂದ್ರೆ ಮೆಷೀನ್ ಬಿಸಿ ಆಗಿಲ್ಲ ಅಂತ, ಲೈಟ್ ಹತ್ತಿದ ತಕ್ಷಣ ಶಾಟ್ ತೆಗೀಬೇಡಿ, ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರೋ ಹಿಡಿ) ಸಿಕ್ಕಿಸಿಟ್ಟು ಅದೂ ಕಾಯಲಿ, ಒಂದು ಸಲ ಖಾಲಿ ನೀರು ಹರಿಸಿ.

ಇಲ್ಲೇ ಎಲ್ಲರೂ ಎಡವೋದು: ಒಂದೇ ಸಲಕ್ಕೆ ಪುಡಿನೂ ಬದಲಾಯಿಸ್ತಾರೆ, ತೂಕನೂ ಬದಲಾಯಿಸ್ತಾರೆ, ಜೋರಾಗಿ ಅಮುಕ್ತಾರೆ, ಆಮೇಲೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಒಂದು ಸಲಕ್ಕೆ ಒಂದೇ. ತೂಕ ಎರಡೂ ಹಾಗೇ ಇಟ್ಟು ಗ್ರೈಂಡ್ ಮಾತ್ರ ಅಲ್ಲಾಡಿಸಿ. ಗ್ರೈಂಡರ್ ಒಳಗೆ ಹಳೇ ಸೆಟ್ಟಿಂಗ್ ಪುಡಿ ಒಂದೆರಡು ಗ್ರಾಂ ಉಳಿದಿರುತ್ತೆ, ಅದನ್ನ ಹೊರಗೆ ಹಾಕಿ ಆಮೇಲೆ ಅಳೀರಿ. ನಾನು ಇದು ಗೊತ್ತಿಲ್ದೆ ಎಷ್ಟೋ ದಿನ ಹಿಂದಿನ ಸೆಟ್ಟಿಂಗಿನ ಕಾಫಿ ಕುಡಿದು ಮುಂದಿನ ಸೆಟ್ಟಿಂಗ್ ತಿದ್ದುತ್ತಾ ಇದ್ದೆ.

ಹುಳಿನೂ ಇದೆ ಕಹಿನೂ ಇದೆ, ಈಗ ಎತ್ಲಾಗೆ ತಿರುಗಿಸ್ಲಿ?

ಎತ್ತಲೂ ಬೇಡ. ಇದು ಚಾನಲಿಂಗ್. ಬಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಸಡಿಲ ಇದೆ, ನೀರು ಆ ಸಂದಲ್ಲೇ ನುಗ್ಗಿ ಅಲ್ಲಿರೋದನ್ನ ಅತಿಯಾಗಿ ತೊಳೀತು, ಉಳಿದ ಜಾಗ ಮುಟ್ಟಲೇ ಇಲ್ಲ. ತೆಳು ಸೂಜಿಗಳಿಂದ ಬಾಸ್ಕೆಟ್ ಒಳಗಿನ ಪುಡಿನ ತಳದಿಂದ ಕೆದಕಿ ಗಂಟು ಒಡೀರಿ, ಮಟ್ಟ ಮಾಡಿ, ಆಮೇಲೆ ಅಮುಕಿ. ಬಾಟಮ್‌ಲೆಸ್, ಅಂದ್ರೆ ಬಾಸ್ಕೆಟ್ ತಳ ಕಾಣೋ ಪೋರ್ಟಾಫಿಲ್ಟರ್ ಇದ್ರೆ ಕಣ್ಣಿಗೇ ಕಾಣುತ್ತೆ, ಪಿಚಕಾರಿ ತರ ಪಕ್ಕಕ್ಕೆ ಚಿಮ್ಮಿ ಗೋಡೆ ಮೇಲೆಲ್ಲ ಕಾಫಿ. ಬಹಳ ನುಣ್ಣಗೆ ಮಾಡಿದ್ರೂ ಚಾನಲಿಂಗ್ ಆಗುತ್ತೆ, ಆಗ ತರಿ ಮಾಡಿದ್ರೆ ಹುಳಿ ಕಮ್ಮಿ ಆಗೋ ವಿಚಿತ್ರನೂ ನೋಡ್ತೀರಿ.

ಎಷ್ಟು ಜೋರಾಗಿ ಅಮುಕಬೇಕು?

ಪುಡಿ ಇನ್ನು ಇಳಿಯಲ್ಲ ಅನ್ನಿಸೋವರೆಗೆ. ಮೊದಲೆಲ್ಲ 30 ಪೌಂಡ್, ಅಂದ್ರೆ ಹದಿಮೂರು ಹದಿನಾಲ್ಕು ಕೆಜಿ ಅಂತ ಹೇಳ್ತಿದ್ರು, ಅದಕ್ಕಿಂತ ಜಾಸ್ತಿ ಒತ್ತಿದ್ರೆ ಅಂಥ ವ್ಯತ್ಯಾಸ ಏನಿಲ್ಲ. ಸೊಟ್ಟ ಆಗದ ಹಾಗೆ ನೋಡ್ಕೊಳ್ಳಿ, ಮುಖ್ಯ ಅದು.

ನನ್ನ ಮೆಷೀನ್ 15 ಬಾರ್, ಪಕ್ಕದ ಮನೆಯವರದ್ದು 20 ಬಾರ್. ಅವರದ್ದೇ ಒಳ್ಳೇದಾ?

ಡಬ್ಬದ ಮೇಲೆ ಬರೆಯೋ ಸಂಖ್ಯೆ ಅದು. ಪಂಪ್ ಗರಿಷ್ಠ ಎಷ್ಟು ತಳ್ಳಬಲ್ಲದು ಅಂತ ಅರ್ಥ, ಶಾಟಿಗೆ ಬೇಕಾಗಿರೋದು 9ರ ಆಸುಪಾಸೇ. ಒಳ್ಳೆ ಮೆಷೀನ್‌ಗಳಲ್ಲಿ ಹೆಚ್ಚಿನ ಒತ್ತಡನ ವಾಪಸ್ ಬಿಡೋ ವಾಲ್ವ್ ಇರುತ್ತೆ. ಹೊಟ್ಟೆಕಿಚ್ಚು ಬೇಡ.

ಕ್ರೆಮಾ ತೆಳು, ಎರಡು ಸೆಕೆಂಡಿಗೆ ಮಾಯ. ಯಾಕೆ?

ಬೀಜ ಹಳೇದು, ಬಹುತೇಕ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈ ಆಕ್ಸೈಡ್ ಒತ್ತಡಕ್ಕೆ ಸಿಕ್ಕಿ ಕಾಫಿ ಎಣ್ಣೆ ಜೊತೆ ನೊರೆ ಆಗೋದೇ ಕ್ರೆಮಾ, ಅನಿಲ ಹೋಗಿಬಿಟ್ಟಿದ್ರೆ ನೊರೆ ಎಲ್ಲಿಂದ ಬರುತ್ತೆ. ಹಾಗಂತ ನಿನ್ನೆ ಹುರಿದಿದ್ದೂ ಬೇಡ, ಅನಿಲ ಜಾಸ್ತಿ ಇದ್ದು ಶಾಟ್ ಒಂದೊಂದು ಸಲ ಒಂದೊಂದು ತರ ಬರುತ್ತೆ. ಹುರಿದ ದಿನದಿಂದ ಒಂದರಿಂದ ಎರಡು ವಾರ ಬಿಟ್ಟು ಶುರು ಮಾಡಿ, ಐದಾರು ವಾರದೊಳಗೆ ಮುಗಿಸಿ. ಪ್ಯಾಕೆಟ್ ಮೇಲೆ ಹುರಿದ ತಾರೀಕು ಇಲ್ದಿದ್ರೆ ತಗೋಬೇಡಿ. ಬರೀ ಕ್ರೆಮಾನ ಒಂದು ಚಮಚ ತಿಂದು ನೋಡಿ, ಕಹಿ ವಿಷ. ಕಲಕಿ ಕುಡಿಯೋದು ಅದಕ್ಕೇ.

## ಹಾಲು

ನೊರೆ ಬರುತ್ತೆ, ಆದ್ರೆ ಸೋಪಿನ ಗುಳ್ಳೆ ತರ. ರೇಷ್ಮೆ ತರ ಬರಲ್ಲ.

ಗಾಳಿ ತುಂಬೋದು ಮೊದಲ ಕೆಲವು ಸೆಕೆಂಡು ಮಾತ್ರ. ಫ್ರಿಡ್ಜ್‌ನಿಂದ ಆಗಷ್ಟೇ ತೆಗೆದ ತಣ್ಣನೆ ಹಾಲು, ಸ್ಟೀಮ್ ವಾಂಡ್ (ಮೆಷೀನಿನ ಹಬೆ ಕೊಳವೆ) ತುದಿ ಮೇಲ್ಮೈಗೆ ತಾಗಿದ ಹಾಗೆ, ಕಾಗದ ಹರಿದ ಸದ್ದು ಚೂರ್ ಚೂರ್ ಅಂತ ಬರಬೇಕು. ಜಗ್ಗು ಮೈ ಬೆಚ್ಚಗಾಗ್ತಿದ್ದ ಹಾಗೆ ತುದಿನ ಒಳಗೆ ಮುಳುಗಿಸಿ, ಒಂದು ಪಕ್ಕಕ್ಕೆ ಹಿಡಿದು ಹಾಲು ಸುಳಿ ತಿರುಗೋ ಹಾಗೆ ಮಾಡಿ, ದೊಡ್ಡ ಗುಳ್ಳೆ ಎಲ್ಲ ಆ ಸುಳಿಯಲ್ಲಿ ಒಡೆದು ಸಣ್ಣದಾಗುತ್ತೆ. 60 ಡಿಗ್ರಿ ಆಸುಪಾಸು ನಿಲ್ಲಿಸಿ, ಜಗ್ಗನ್ನ ಅಂಗೈಯಲ್ಲಿ ಹಿಡಿಯಕ್ಕೆ ಆಗದಷ್ಟು ಬಿಸಿ ಆದಾಗ. 70 ದಾಟಿದ್ರೆ ಸಿಹಿ ಹೋಗಿ ಕಾಯಿಸಿದ ಹಾಲಿನ ವಾಸನೆ. ಕಿರುಚೋ ಸದ್ದು ಬಂದ್ರೆ ಗಾಳಿ ಹೋಗ್ತಾ ಇಲ್ಲ ಅಂತ. ನೊರೆ ನಿಲ್ಲಿಸೋದು ಹಾಲಿನ ಪ್ರೋಟೀನ್, ಬಾಯಿಗೆ ಕೆನೆ ಅನ್ನಿಸೋದು ಕೊಬ್ಬು, ಅದಕ್ಕೇ ಗಟ್ಟಿ ಹಾಲು ಸುಲಭ. ಕಲಿಯುವಾಗ ಹಾಲು ದಂಡ ಮಾಡ್ಬೇಡಿ, ನೀರಿಗೆ ಒಂದೇ ಹನಿ ಪಾತ್ರೆ ತೊಳೆಯೋ ಸೋಪು ಹಾಕಿ ಪ್ರಾಕ್ಟೀಸ್ ಮಾಡಿ, ಹೆಚ್ಚುಕಮ್ಮಿ ಹಾಲಿನ ತರಾನೇ ತಿರುಗುತ್ತೆ.

## ಬೀಜ, ನೀರು, ಕ್ಲೀನಿಂಗ್

ಬೀನ್ಸ್ ಫ್ರಿಡ್ಜ್‌ನಲ್ಲಿ ಇಡಬಹುದಾ?

ಫ್ರಿಡ್ಜ್ ಬೇಡ, ತೇವ ಮತ್ತೆ ಬೇರೆ ಸಾಮಾನಿನ ವಾಸನೆ ಹೀರ್ಕೊಳ್ಳುತ್ತೆ. ಬೆಳಕು ಬೀಳದ ಕಪಾಟು ಸಾಕು. ತುಂಬಾ ದಿನಕ್ಕೆ ಅಂದ್ರೆ ಫ್ರೀಜರ್, ಆದ್ರೆ ಒಂದೊಂದು ಸಲಕ್ಕೆ ಬೇಕಾದಷ್ಟನ್ನ ಗಾಳಿಯಾಡದ ಹಾಗೆ ಬೇರೆ ಬೇರೆ ಕಟ್ಟಿಡಿ. ತೆಗೆದು ಒಳಗೆ ಹೊರಗೆ ಆಡಿಸಬಾರದು. ಹೆಪ್ಪುಗಟ್ಟಿದ್ದನ್ನೇ ನೇರ ಗ್ರೈಂಡ್ ಮಾಡಬಹುದು.

ಆರ್‌ಓ ನೀರು ಹಾಕ್ತೀನಿ, ಶುದ್ಧ ಅಲ್ವಾ?

ಶುದ್ಧ ಸರಿ, ಕಾಫಿ ಮಾತ್ರ ಸಪ್ಪೆ. ರುಚಿ ಎಳೆಯಕ್ಕೆ ನೀರಲ್ಲಿ ಒಂದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬೇಕು. ಜಾಸ್ತಿ ಗಡಸು ನೀರಾದ್ರೆ ಇನ್ನೊಂದು ಕಷ್ಟ, ಬೈಕಾರ್ಬೊನೇಟ್ ಕಾಫಿಯ ಹುಳಿನ ನುಂಗಿಹಾಕಿ ಸುಣ್ಣದ ರುಚಿ ಕೊಡುತ್ತೆ, ಬಾಯ್ಲರ್ ಒಳಗೆ ಪದರ ಕಟ್ಟುತ್ತೆ. ಸ್ಪೆಷಾಲ್ಟಿ ಕಾಫಿಯೋರ ಮಾನದಂಡದಲ್ಲಿ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 150 ಮಿಲಿಗ್ರಾಂ ಸುತ್ತಮುತ್ತ ಅಂತ ಇದೆ, 75ರಿಂದ 250ರವರೆಗೆ ನಡೆಯುತ್ತೆ. ಆರ್‌ಓ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ ಟಿಡಿಎಸ್ ಮೀಟರಲ್ಲಿ ನೋಡೋದು ಸುಲಭ ದಾರಿ, ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ರೆ ಕಾರ್ಬನ್ ಫಿಲ್ಟರ್ ದಾಟಿಸಿ. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ತಿದ್ರೆ ಮೆಷೀನ್ ಒಳಗೂ ಅದೇ ನಡೀತಿದೆ.

ಡಿಸ್ಕೇಲ್ ಮಾಡ್ತೀನಲ್ಲ, ಬ್ಯಾಕ್‌ಫ್ಲಶ್ ಬೇರೆ ಯಾಕೆ?

ಕೊಳೆ ಎರಡು ತರದ್ದು. ನೀರಿನ ಸುಣ್ಣಕ್ಕೆ ಡಿಸ್ಕೇಲಿಂಗ್, ಕಾಫಿ ಎಣ್ಣೆ ಜಿಡ್ಡಿಗೆ ಬ್ಯಾಕ್‌ಫ್ಲಶ್, ಒಂದರ ಪುಡಿ ಇನ್ನೊಂದಕ್ಕೆ ಕೆಲಸ ಮಾಡಲ್ಲ. ತೂತಿಲ್ಲದ ಬಾಸ್ಕೆಟ್‌ಗೆ ಕ್ಲೀನಿಂಗ್ ಪೌಡರ್ ಹಾಕಿ ಪಂಪ್ ಆನ್ ಆಫ್ ಮಾಡೋದು, ಆಮೇಲೆ ಬರೀ ನೀರಲ್ಲಿ. ಆದ್ರೆ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ (ಶಾಟ್ ಮುಗಿದ ಮೇಲೆ ಉಳಿದ ಒತ್ತಡನ ಹೊರಗೆ ಬಿಡೋದು) ಇರೋ ಮೆಷೀನಿಗೆ ಮಾತ್ರ, ಮ್ಯಾನ್ಯುಯಲ್ ನೋಡಿ. ಇಲ್ಲದೋರು ಶವರ್ ಸ್ಕ್ರೀನ್ (ಪುಡಿ ಮೇಲೆ ನೀರು ಬೀಳಿಸೋ ಜಾಲರಿ) ಬಿಚ್ಚಿ ಉಜ್ಜಿ. ಬಾಯ್ಲರ್ ಅಲ್ಯುಮಿನಿಯಂ ಆದ್ರೆ ಯಾವ ಆಮ್ಲ ಹಾಕಬಹುದು ಅಂತನೂ ಮ್ಯಾನ್ಯುಯಲ್‌ನಲ್ಲೇ ನೋಡಿ. ಸ್ಟೀಮ್ ವಾಂಡ್ ಮಾತ್ರ ಪ್ರತೀ ಸಲ, ತಕ್ಷಣ ಒರೆಸಿ ಒಂದು ಸಲ ಹಬೆ ಬಿಡಿ, ಒಣಗಿದ ಹಾಲು ಸಿಮೆಂಟ್.

## ಸ್ವಲ್ಪ ಮುಂದೆ ಹೋದೋರಿಗೆ

ಪ್ರೀ ಇನ್‌ಫ್ಯೂಷನ್ ಇಲ್ಲದ ಮೆಷೀನ್ ನಂದು. ನಷ್ಟ ಏನಾದ್ರೂ ಇದೆಯಾ?

ಕಮ್ಮಿ ಒತ್ತಡದಲ್ಲಿ ಮೊದಲು ಪುಡಿ ನೆನೆಸೋದೇ ಪ್ರೀ ಇನ್‌ಫ್ಯೂಷನ್. ಹಾಗೆ ಮಾಡಿದ್ರೆ ಪುಡಿ ಉಬ್ಬಿ ಸಂದುಗಳನ್ನ ತಾನೇ ಮುಚ್ಕೊಳ್ಳುತ್ತೆ, ಚಾನಲಿಂಗ್ ಕಮ್ಮಿ. ಮೀಡಿಯಂ, ಗಾಢ ರೋಸ್ಟಿಗೆ ಇಲ್ದಿದ್ರೂ ನಡೆಯುತ್ತೆ. ಲೈಟ್ ರೋಸ್ಟ್ ಹುಚ್ಚು ಹತ್ತಿದ ದಿನ ಇದರ ಬೆಲೆ ಗೊತ್ತಾಗುತ್ತೆ.

ಲೈಟ್ ರೋಸ್ಟ್‌ನಲ್ಲಿ ಎಷ್ಟು ನುಣ್ಣಗೆ ಮಾಡಿದ್ರೂ ನಿಂಬೆಹಣ್ಣು. ಬಿಟ್ಬಿಡ್ಲಾ?

ಒಂದಕ್ಕೆ ಎರಡು ಅನ್ನೋ ಲೆಕ್ಕ ಬಿಡಿ, ಕಾಫಿ ಬಿಡಬೇಡಿ. ಲೈಟ್ ರೋಸ್ಟ್ ಬೀಜ ಗಟ್ಟಿ, ಸುಲಭಕ್ಕೆ ಬಿಟ್ಟುಕೊಡಲ್ಲ, ಅದಕ್ಕೆ ನೀರು ಜಾಸ್ತಿ ಬೇಕು. 18 ಗ್ರಾಂಗೆ 45ರಿಂದ 54 ಗ್ರಾಂ ಇಳಿಸಿ, ಟೆಂಪರೇಚರ್ 94ರಿಂದ 96. ಗಾಢ ರೋಸ್ಟಿಗೆ ಇದರ ಉಲ್ಟಾ, 88ರಿಂದ 91 ಡಿಗ್ರಿ, ಒಂದಕ್ಕೆ ಒಂದೂವರೆ ಎರಡು ಸಾಕು. ಪಿಐಡಿ (ನೀರಿನ ಬಿಸಿನ ಬೇಕಾದ ಡಿಗ್ರಿಯಲ್ಲೇ ಹಿಡಿದಿಡೋ ಕಂಟ್ರೋಲ್) ಇರೋ ಮೆಷೀನ್ ಆದ್ರೆ ನಂಬರ್ ಒತ್ತಿದ್ರೆ ಆಯ್ತು, ಇಲ್ದಿದ್ರೆ ಹೀಟರ್ ಆನ್ ಆಗಿ ಆಫ್ ಆಗೋ ಲೈಟ್ ನೋಡ್ಕೊಂಡು ಪ್ರತೀ ಸಲ ಅದೇ ಘಳಿಗೆಯಲ್ಲಿ ಶಾಟ್ ತೆಗೀರಿ, ಸರಿಯಾದ ಡಿಗ್ರಿ ಸಿಗದಿದ್ರೂ ಅದೇ ಡಿಗ್ರಿ ಪದೇ ಪದೇ ಸಿಗುತ್ತೆ.

ಬೀಜಕ್ಕೆ ನೀರು ಚಿಮುಕಿಸಿ ಗ್ರೈಂಡ್ ಮಾಡೋದು ನೋಡ್ದೆ. ತಮಾಷೆನಾ?

ತಮಾಷೆ ಅಲ್ಲ. ಗ್ರೈಂಡ್ ಮಾಡುವಾಗ ಉಜ್ಜಾಟಕ್ಕೆ ಸ್ಥಾಯೀ ವಿದ್ಯುತ್ ಹುಟ್ಟಿ ಪುಡಿ ಗಂಟುಗಂಟಾಗುತ್ತೆ, ಗ್ರೈಂಡರ್ ಮೈಗೆಲ್ಲ ಅಂಟ್ಕೊಳ್ಳುತ್ತೆ. ಚೂರು ತೇವ ಇದ್ರೆ ಅದು ಕಮ್ಮಿ ಆಗುತ್ತೆ, 2023ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನ ಅಳೆದೇ ತೋರಿಸಿದ್ರು. ಒಂದು ಡೋಸಿಗೆ ಸ್ಪ್ರೇ ಬಾಟ್ಲಲ್ಲಿ ಒಂದು ಸಲ ಪುಸ್ ಅನ್ಸಿ ಕಲಕಿದ್ರೆ ಸಾಕು, ಹಾಪರ್ (ಗ್ರೈಂಡರ್ ಮೇಲಿನ ಬೀಜದ ಡಬ್ಬಿ) ತುಂಬ ಬೀಜ ಇಟ್ಕೊಳ್ಳೋರು ಮಾಡಬಾರದು. ಶಾಟ್ ಎರಡು ಮೂರು ಸೆಕೆಂಡ್ ನಿಧಾನ ಆದ್ರೆ ಗಾಬರಿ ಬೇಡ, ಗ್ರೈಂಡರ್‌ನಲ್ಲಿ ಉಳ್ಕೊಳ್ತಿದ್ದ ನುಣ್ಣನೆ ಪುಡಿ ಈಗ ಬಾಸ್ಕೆಟ್‌ಗೆ ಬರ್ತಿದೆ, ಒಂದು ಹೆಜ್ಜೆ ತರಿ ಮಾಡ್ಕೊಳ್ಳಿ.